ಫೈನ್ ಅಂದುಬಿಡಬೇಡಿ: ಇಂಗ್ಲೆಂಡಿಗೆ ಹೊಸದಾಗಿ ಬಂದವರಿಗೆ

ಬಂದ ಮೊದಲ ವಾರದಲ್ಲೇ ಪಕ್ಕದ ಮನೆಯವರು ‘ಯು ಆಲ್‌ರೈಟ್?’ ಅಂತ ಕೇಳುತ್ತಾರೆ. ಮುಖ ಬಾಡಿದೆಯಾ ಅಂತ ಗಾಬರಿಯಾಗಬೇಡಿ. ಅದು ನಮ್ಮ ‘ಊಟ ಆಯ್ತಾ?’ ಇದ್ದ ಹಾಗೆ. ಕೇಳಿದವರೇನೂ ಎಲೆ ಹಾಕಿ ಬಡಿಸುವುದಿಲ್ಲ, ಅಲ್ವಾ? ‘ಯಾ, ಯು?’ ಅಂದರೆ ಸಾಕು.

ಆಫೀಸಿನಲ್ಲಿ ‘ನಾಟ್ ಬ್ಯಾಡ್’ ಅಂದರೆ ಚೆನ್ನಾಗಿದೆ ಅಂತ. ‘ಕ್ವೈಟ್ ಗುಡ್’ ಅಂದರೆ ಎಷ್ಟೋ ಸಲ ಅಷ್ಟಕ್ಕಷ್ಟೇ. ‘ಅ ಬಿಟ್ ಡಿಸಪಾಯಿಂಟೆಡ್’ ಅಂದರೆ ಸಿಟ್ಟು ಬಂದಿದೆ ಅಂತಲೇ ತಿಳಿಯಿರಿ. ಥ್ಯಾಂಕ್ಸ್ ಮಾತ್ರ ಧಾರಾಳ, ಬಸ್ ಇಳಿಯುವಾಗ ಡ್ರೈವರ್‌ಗೂ ಹೇಳುತ್ತಾರೆ. ಶಾಲೆಗೆ ಹೋಗುವ ಮಗು ದೋಸೆ ಹಾಕಿದ್ದಕ್ಕೆ ನಿಮಗೂ ಹೇಳಲು ಶುರು ಮಾಡುತ್ತೆ. ಹೊರಗಿನವರ ಹಾಗೆ ಮಾತಾಡ್ತಿದೆ ಅಂತ ಬೇಜಾರು ಮಾಡ್ಕೋಬೇಡಿ.

ಇದರಲ್ಲೆಲ್ಲ ಎಡವಿದರೆ ನಕ್ಕು ಮರೆಯಬಹುದು. ಜಿಪಿ, ಅಂದರೆ ಇಲ್ಲಿನ ಫ್ಯಾಮಿಲಿ ಡಾಕ್ಟರ್ ಹತ್ತಿರ ಹಾಗಲ್ಲ. ಅಲ್ಲಿ ಸಿಗುವುದು ಸುಮಾರು 10 ನಿಮಿಷ. ನಾವು ದುಃಖವನ್ನೂ ‘ಎದೆ ಭಾರ’, ‘ಹೊಟ್ಟೆಯಲ್ಲಿ ಸಂಕಟ’ ಅಂತ ಹೇಳುವವರು. ಎದೆ ಅಂದ ಕೂಡಲೇ ಡಾಕ್ಟರ್ ಹಾರ್ಟ್ ಕಡೆ ನೋಡುತ್ತಾರೆ, ನೋಡಲೇಬೇಕು. ನಿದ್ದೆ ಬರುತ್ತಿಲ್ಲ, ಸುಮ್ನೆ ಅಳು ಬರುತ್ತೆ, ಇಷ್ಟು ವಾರದಿಂದ ಹೀಗಿದೆ ಅನ್ನುವುದನ್ನೂ ಬಿಡಿಸಿ ಹೇಳಿ. ಇಂಗ್ಲಿಷ್ ಕಷ್ಟವಾದರೆ ಬುಕ್ ಮಾಡುವಾಗಲೇ ಕನ್ನಡ ಇಂಟರ್‌ಪ್ರಿಟರ್ ಕೇಳಿ. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಅದಕ್ಕೆ ದುಡ್ಡು ಕೊಡಬೇಕಿಲ್ಲ. ಗಂಡನೇ ಅನುವಾದಕ್ಕೆ ಕೂತರೆ ಹೆಂಡತಿಯ ಕೆಲವು ಮಾತು ಗಂಟಲಲ್ಲೇ ಉಳಿಯುತ್ತೆ.

ಬಾಣಂತಿ ಇರುವ ಮನೆಯವರು ಇದನ್ನು ಜಾಸ್ತಿ ಗಮನಿಸಿ. ಹೆರಿಗೆಯಾದ 10–14 ದಿನಕ್ಕೆ ಹೆಲ್ತ್ ವಿಸಿಟರ್ (ತಾಯಿ-ಮಗುವನ್ನು ನೋಡಿಕೊಳ್ಳುವ ನರ್ಸ್) ಮನೆಗೆ ಬರುತ್ತಾರೆ, 6–8 ವಾರಕ್ಕೆ ಮತ್ತೆ ನೋಡುತ್ತಾರೆ. ಮಗುವಿನ ವಿಚಾರ ಮುಗಿಸಿ, ನಿಮ್ಮ ಮನಸ್ಸು ಹೇಗಿದೆ ಅಂತ ಕೇಳುತ್ತಾರೆ. ಇದು ‘ಯು ಆಲ್‌ರೈಟ್’ ಥರದ್ದಲ್ಲ, ನಿಜವಾದ ಪ್ರಶ್ನೆ. ನನ್ನ ಸರದಿ ಬಂದಾಗ ನಾನು ‘ಫೈನ್, ಫೈನ್’ ಅಂದು ಟೀ ಮಾಡಲು ಎದ್ದೆ. ಕೆಟಲ್ ಕುದಿಯುವಷ್ಟರಲ್ಲಿ ಸೆರಗು ಒದ್ದೆಯಾಗಿತ್ತು. ಊರಲ್ಲಾಗಿದ್ದರೆ ಅಮ್ಮ ಮುಖ ನೋಡಿಯೇ ‘ಯಾಕೇ, ಏನಾಯ್ತೇ?’ ಅಂತಿದ್ದರು. ಹೆಲ್ತ್ ವಿಸಿಟರ್ ಮಾತ್ರ ಫೈನ್ ಅಂತಲೇ ಬರೆದುಕೊಂಡು ಹೋದರು. ಅವರದೇನು ತಪ್ಪು?

ಹೊತ್ತಲ್ಲದ ಹೊತ್ತಿನಲ್ಲಿ ಮನಸ್ಸು ತೀರಾ ಕೆಟ್ಟರೆ 111ಕ್ಕೆ ಫೋನ್ ಮಾಡಿ 2 ಒತ್ತಿ. ಜೀವಕ್ಕೇ ಅಪಾಯವಾದರೆ 999. ಯಾರಾದರೂ ಕೇಳಿಸಿಕೊಂಡರೆ ಸಾಕು ಅನ್ನಿಸಿದರೆ ಸಮಾರಿಟನ್ಸ್ ಅನ್ನೋ ಸೇವಾ ಸಂಸ್ಥೆಗೆ ಫೋನ್ ಮಾಡಿ, 116 123. ದಿನದ 24 ಗಂಟೆಯೂ ಉಚಿತ. ಹೆರಿಗೆಯ ಸುದ್ದಿಯನ್ನು ನಮ್ಮ ಕನ್ನಡ ಸಂಘಕ್ಕೂ ತಿಳಿಸಿ, ಮೆಣಸಿನ ಸಾರು ಹಿಡಿದು ಯಾರಾದರೂ ಬರುತ್ತೇವೆ.