ಗ್ರೂಪಿನಲ್ಲಿ ಹಾಕಬೇಡಿ, ಅವರೆಕಾಳು ತಗೊಂಡು ಹೋಗಿ

ಮೊನ್ನೆ ನಮ್ಮ ಅಪಾರ್ಟ್‌ಮೆಂಟಿನ ಹುಡುಗಿಯೊಬ್ಬಳು ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದಳು: ಮೇಲಿನ ಮನೆಯವರು ಬಟ್ಟೆ ಹಿಂಡದೆ ಒಣಗಿಸುತ್ತಾರಂತೆ, ನೀರೆಲ್ಲ ಇವಳ ಬಾಲ್ಕನಿಗಂತೆ. ಜೊತೆಗೆ ಫೋಟೊ ಬೇರೆ. ಊರೆಲ್ಲ ನೋಡಿತು. ಹದಿನೆಂಟು ಮೆಟ್ಟಿಲು ಹತ್ತಿ ಹೇಳೋಕೆ ಏನು ಕಾಲು ನೋವೇ? ಮೇಲಿನವಳೂ ಸಾಚಾ ಅಲ್ಲ ಬಿಡಿ. ಟರ್ಕಿ ಟವೆಲನ್ನು ಎರಡು ಸಲ ಹಿಂಡಿ, ಬಚ್ಚಲಲ್ಲಿ ಸ್ವಲ್ಪ ಹೊತ್ತು ಸೋರಲು ಬಿಟ್ಟು ಆಮೇಲೆ ಹರವಬೇಕು.

ನಾನೂ ಹೀಗೇ ಬಾಯಿ ಬಿಟ್ಟವಳೇ. ಮದುವೆಯಾಗಿ ಚಾಮರಾಜಪೇಟೆಯ ವಠಾರಕ್ಕೆ ಬಂದಾಗ ಎಂಟು ಮನೆಗೆ ಒಂದೇ ನಲ್ಲಿ. 1974ರಲ್ಲಿ ಕಾವೇರಿ ನೀರು ಬೆಂಗಳೂರಿಗೆ ಬಂದಿತ್ತು, ನಮ್ಮ ಕೊಡಗಳ ಸಾಲು ಮಾತ್ರ ಕರಗಿರಲಿಲ್ಲ. ಕೊನೆ ಮನೆಯಾಕೆ ದಿನಾ ಎರಡು ಬಕೆಟ್ ಜಾಸ್ತಿ ಹಿಡಿಯುತ್ತಾರೆ ಅಂತ ಎಲ್ಲರೆದುರು ಅಂದುಬಿಟ್ಟೆ. ಆಕೆ ಮಾತಾಡದೆ ಒಂದು ಬಕೆಟನ್ನು ನನ್ನ ಕೊಡಕ್ಕೆ ಸುರಿದು ಹೋದರು. ಅವರ ಮಾವ ಹಾಸಿಗೆ ಹಿಡಿದಿದ್ದರು, ಆ ನೀರು ಅವರ ಬಟ್ಟೆ ಒಗೆಯೋಕೆ ಅಂತ ಆಮೇಲೆ ತಿಳಿಯಿತು.

ನೆರೆಮನೆಯವರಿಗೆ ದೂರು ಹೇಳೋಕೆ ಆಗ ವಠಾರದ ಮಾಲೀಕರ ಹೆಂಡತಿ ಹೇಳಿಕೊಟ್ಟಿದ್ದು ಅವರೆಕಾಳಿನ ಉಪಾಯ. ಚಳಿಗಾಲದಲ್ಲಿ ಮಾಗಡಿ ಕಡೆಯ ಕಾಯಿ ತನ್ನಿ, ಸೊಗಡು ಮೂಗಿಗೆ ಬಡಿಯಬೇಕು. ಕಾಳು ಬಿಡಿಸಿ ರಾತ್ರಿ ನೆನೆಹಾಕಿ. ಬೆಳಿಗ್ಗೆ ಸಿಪ್ಪೆ ಸಡಿಲಾಗಿರುತ್ತದೆ. ಆ ನೆರೆಮನೆಯ ಕುಕ್ಕರ್ ಕೂಗಿ ನಿಂತ ಮೇಲೆ ನೀರಿನ ಸಮೇತ ಪಾತ್ರೆ ಎತ್ತಿಕೊಂಡು ಹೋಗಿ. ದೀಪ ಹಚ್ಚುವ ಹೊತ್ತಲ್ಲಿ ಬೇಡ. "ಒಬ್ಬಳೇ ಹಿತಕಿದರೆ ಮಧ್ಯಾಹ್ನ ಆಗುತ್ತೆ, ಸ್ವಲ್ಪ ಕೈ ಹಾಕ್ತೀರಾ?" ಅನ್ನಿ. ಎದುರುಬದುರು ಕೂರಬೇಡಿ, ಪಕ್ಕಪಕ್ಕ ನೆಲದ ಮೇಲೆ ಕೂರಿ. ಕಾಳನ್ನು ಹೆಬ್ಬೆರಳಿಗೂ ತೋರುಬೆರಳಿಗೂ ಮಧ್ಯೆ ಒತ್ತಿದರೆ ಬೇಳೆ ಚಂಗನೆ ಹಾರುತ್ತದೆ. ಒಂದಾದರೂ ಸೋಫಾ ಕೆಳಗೆ ಹೋಗುತ್ತದೆ, ಇಬ್ಬರೂ ನಗುತ್ತೀರಿ. ಒಂದು ಹಿಡಿ ಸಿಪ್ಪೆ ಬೀಳೋವರೆಗೂ ವಿಷಯ ಎತ್ತಬೇಡಿ. ಮೊದಲು ನಿಮ್ಮ ಮನೆಯ ತಪ್ಪು ಬರಲಿ: "ನಮ್ಮ ಮೊಮ್ಮಗ ಕುಣಿಯೋ ಸದ್ದು ನಿಮಗೆ ಕೇಳುತ್ತೇನೋ". ಆಮೇಲೆ ನಿಮ್ಮ ದೂರು, ಒಂದೇ ಸಲ, ಕಾಳು ನೋಡುತ್ತಲೇ. ಹೇಳಿ ಸುಮ್ಮನಾಗಿ. ಕಾಫಿ ಲೋಟ ಹಿಡಿದು ಕೂತಾಗ ಅಂಥ ಮೌನ ತಡೆಯೋಕಾಗಲ್ಲ. ಹಿತಕುವಾಗ ಅದು ಗೊತ್ತೇ ಆಗಲ್ಲ. ಅವರೇ ನಿಧಾನಕ್ಕೆ ಬಾಯಿ ಬಿಡುತ್ತಾರೆ.

ಸಾಲ, ಕುಡಿತ, ಮುನಿಸಿಕೊಂಡು ತವರಿಗೆ ಹೋದ ಸೊಸೆ, ಹೀಗೆ ಏನೇನೋ ಹೊರಬರಬಹುದು. ಅದನ್ನು ಲಿಫ್ಟಿನಲ್ಲಿ ಬಿಚ್ಚಬೇಡಿ. ಹೊಡೆತದ ಸದ್ದು ಕೇಳಿದರೆ ಮಾತ್ರ ಕಾಳು ನೆನೆಹಾಕುತ್ತಾ ಕೂರಬೇಡಿ. ಇನ್ನೊಬ್ಬರನ್ನು ಕರೆದುಕೊಂಡು ಹೋಗಿ ಆಗಲೇ ಬಾಗಿಲು ಬಡಿಯಿರಿ.

ಅವರೆ ಕಾಲ ಮುಗಿದಿದ್ದರೆ ಮೆಂತ್ಯ ಸೊಪ್ಪು ಬಿಡಿಸುವುದೂ ಆಗುತ್ತದೆ, ಆದರೆ ಬೇಗ ಮುಗಿದುಬಿಡುತ್ತದೆ. ಎದ್ದು ಬರುವಾಗ ಅರ್ಧ ಬೇಳೆ ಅವರಿಗೇ ಕೊಡಿ. ಸಿಪ್ಪೆಯನ್ನು ಅವರ ಮನೆಯ ಕಸದ ಬುಟ್ಟಿಗೆ ಸುರಿದು ಬರಬೇಡಿ, ನೀವೇ ಎತ್ತಿಕೊಂಡು ಬನ್ನಿ.