ಕಾಲಿನ ರಕ್ತವನ್ನು ಕಾಲಿನಲ್ಲೇ ಹಿಡಿದಿಟ್ಟ ಒಂದು ಗಂಟೆ

ನಾಯಿಗಳಿಗೆ ತಾನಾಗಿಯೇ ಬರುವ ಆಸ್ಟಿಯೋಸಾರ್ಕೋಮಾ ಎಂಬ ಮೂಳೆ ಕ್ಯಾನ್ಸರ್, ಹದಿಹರೆಯದವರಲ್ಲಿ ಕಾಣುವ ಅದೇ ರೋಗವನ್ನು ಬಹುಮಟ್ಟಿಗೆ ಹೋಲುತ್ತದೆ. ವಿದೇಶದ ಪಶುವೈದ್ಯಕೀಯ ಶಸ್ತ್ರಚಿಕಿತ್ಸಾ ವಿಭಾಗವೊಂದರಲ್ಲಿ ನಾನಿದ್ದಾಗ, ಸಾಕಿದವರೇ ಚಿಕಿತ್ಸೆಗೆ ಕರೆತಂದ ದೊಡ್ಡ ತಳಿಯ ನಾಯಿಗಳಿಗೆ, ಅವರ ಲಿಖಿತ ಒಪ್ಪಿಗೆ ಪಡೆದು, ಔಷಧವನ್ನು ರೋಗವಿರುವ ಕಾಲಿಗಷ್ಟೇ ಹರಿಸುವ ವಿಧಾನವನ್ನು ಪರೀಕ್ಷಿಸಿದೆವು. ನ್ಯೂ ಆರ್ಲಿಯನ್ಸ್‌ನಲ್ಲಿ ಕ್ರೀಚ್ ಮತ್ತು ಕ್ರೆಮೆಂಟ್ಜ್ ಎಂಬ ಶಸ್ತ್ರವೈದ್ಯರು 1957ರಲ್ಲೇ ಇದನ್ನು ಮನುಷ್ಯರ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿಗೆ ಬಳಸಿದ್ದರು.

ಔಷಧದ ಪ್ರಮಾಣವನ್ನು ದೇಹದ ತೂಕದಿಂದಲ್ಲ, ಕಾಲಿನ ಗಾತ್ರದಿಂದ ಲೆಕ್ಕ ಹಾಕುತ್ತಿದ್ದೆವು. ಅದಕ್ಕೆ ಬೇಕಾದದ್ದು ಒಂದು ಬಕೆಟ್ ಅಷ್ಟೇ: ಅಂಚಿನವರೆಗೆ ನೀರು ತುಂಬಿ, ಅರಿವಳಿಕೆಯಲ್ಲಿದ್ದ ನಾಯಿಯನ್ನು ಇಬ್ಬರು ಎತ್ತಿ ಹಿಡಿದು ಮುಂಗಾಲನ್ನು ಅದರಲ್ಲಿ ಇಳಿಸಿ, ಹೊರಚೆಲ್ಲಿದ ನೀರನ್ನು ಅಳೆಯುವುದು. ಬಳಿಕ ಕಂಕುಳಿನ ಅಪಧಮನಿ ಮತ್ತು ಅಭಿಧಮನಿಗಳಿಗೆ ಕ್ಯಾನುಲಾ ಎಂಬ ಸಣ್ಣ ಕೊಳವೆ ಹಾಕಿ, ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟು, ಕಾಲಿನ ರಕ್ತ ಮೈಗೆ ಸೇರದಂತೆ ಟೂರ್ನಿಕೆಟ್ ಎಂಬ ಪಟ್ಟಿ ಬಿಗಿದು, ಆ ರಕ್ತವನ್ನು ಪಂಪ್, ಆಮ್ಲಜನಕ ಬೆರೆಸುವ ಆಕ್ಸಿಜನೇಟರ್ ಮತ್ತು ಶಾಖ ನೀಡುವ ಸಾಧನದ ಮೂಲಕ ಒಂದು ಗಂಟೆ ಸುತ್ತಿಸುತ್ತ, 40 ಡಿಗ್ರಿ ಸೆಲ್ಸಿಯಸ್ ಮೀರದಂತೆ ನೋಡಿಕೊಂಡು ಸಿಸ್ಪ್ಲಾಟಿನ್ ಎಂಬ ಕ್ಯಾನ್ಸರ್ ಔಷಧ ಸೇರಿಸುತ್ತಿದ್ದೆವು. ಈ ಔಷಧ ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲದಾದ್ದರಿಂದ ಸಲೈನ್ ಧಾರಾಳವಾಗಿ ಹರಿಯುತ್ತಲೇ ಇರಬೇಕಿತ್ತು. (ಬೆಕ್ಕಿಗಂತೂ ಇದನ್ನು ಕೊಡುವಂತೆಯೇ ಇಲ್ಲ, ಶ್ವಾಸಕೋಶದಲ್ಲಿ ನೀರು ತುಂಬಿ ಸಾಯುತ್ತದೆ.)

ನಮ್ಮನ್ನು ನಿಜವಾಗಿ ಕಾಡಿದ್ದು ಕಾಲಿನ ರಕ್ತ ಔಷಧದೊಂದಿಗೆ ಮೈಗೆ ಸೋರುವುದು. ಅದನ್ನು ಪತ್ತೆಹಚ್ಚಲು ಕಾಲಿನ ರಕ್ತಕ್ಕೆ ವಿಕಿರಣ ಸೂಸುವ ಟೆಕ್ನೀಷಿಯಂ ಅಂಟಿಸಿದ ಆಲ್ಬುಮಿನ್ ಎಂಬ ಪ್ರೋಟೀನ್ ಬೆರೆಸಿ, ಹೃದಯದ ಮೇಲೆ ವಿಕಿರಣ ಎಣಿಸುವ ಗಾಮಾ ಪ್ರೋಬ್ ಇಟ್ಟಿದ್ದೆವು. ಎರಡನೆಯ ನಾಯಿಯಲ್ಲಿ ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ಎಣಿಕೆ ಏರತೊಡಗಿತು. ಪಂಪಿನ ವೇಗ ತಗ್ಗಿಸಿದರೂ ನಿಲ್ಲಲಿಲ್ಲ. ಹೊದಿಸಿದ ಬಟ್ಟೆ ಸರಿಸಿ ನೋಡಿದರೆ, ಮೇಲೆ ದಪ್ಪವಾಗಿ ಕೆಳಗೆ ಸಣ್ಣದಾಗುವ ಆ ತೋಳಿನ ಮೇಲೆ ಟೂರ್ನಿಕೆಟ್ ಎರಡು ಬೆರಳಿನಷ್ಟು ಮೊಣಕೈ ಕಡೆಗೆ ಜಾರಿ ಸಡಿಲಗೊಂಡಿತ್ತು. ಗಂಟೆ ತುಂಬುವ ಮೊದಲೇ ನಿಲ್ಲಿಸಿ, ಕಾಲಿನ ರಕ್ತನಾಳಗಳಲ್ಲಿದ್ದ ಔಷಧವನ್ನು ತೊಳೆದು ಹೊರಹಾಕಿದೆವು. ತಪ್ಪು ನನ್ನದೇ, ಬಿಗಿದವನು ನಾನು. ಮುಂದಿನ ನಾಯಿಯಿಂದ ಮೂಳೆಗೆ ಉಕ್ಕಿನ ಪಿನ್ ಚುಚ್ಚಿ, ಅದಕ್ಕೆ ಆನಿಸಿ ಟೂರ್ನಿಕೆಟ್ ಕಟ್ಟಿದೆವು.

ಕೆಲವು ವಾರಗಳ ನಂತರ ಗಡ್ಡೆಯಿದ್ದ ಮೂಳೆಯನ್ನು ಕತ್ತರಿಸಿ ತೆಗೆದು, ಬೇರೆ ನಾಯಿಯಿಂದ ಪಡೆದು ಶೇಖರಿಸಿಟ್ಟ ಮೂಳೆಯನ್ನು ಪ್ಲೇಟಿನಿಂದ ಕೂರಿಸುತ್ತಿದ್ದೆವು. ತೆಗೆದ ತುಂಡನ್ನು ಉದ್ದಕ್ಕೆ ಸೀಳಿ, ಎಷ್ಟು ಭಾಗ ಸತ್ತಿದೆಯೆಂದು ಪೆಥಾಲಜಿಸ್ಟ್ ಚೌಕ ಚೌಕವಾಗಿ ನೋಡುತ್ತಿದ್ದರು. ಮೂರನೆಯ ನಾಯಿಯ ಗಡ್ಡೆಯ ನಡುಭಾಗ ಪೂರ್ತಿ ಸತ್ತಿತ್ತು, ಜೀವಂತ ಕೋಶಗಳು ಸ್ನಾಯುವಿಗೆ ತಾಗಿದ ಅಂಚಿನಲ್ಲಿ ಮಾತ್ರ ಉಳಿದಿದ್ದವು. ಆದರೂ ಆ ನಾಯಿಗೆ ರಕ್ತನಾಳದ ಮೂಲಕ ಇಡೀ ದೇಹಕ್ಕೆ ಕೀಮೋಥೆರಪಿ ಕೊಡದೆ ಬಿಡಲಿಲ್ಲ; ಇಂಥ ನಾಯಿಗಳಲ್ಲಿ ಹೆಚ್ಚಿನವಕ್ಕೆ, ಎಕ್ಸ್‌ರೇಯಲ್ಲಿ ಕಾಣದಿದ್ದರೂ, ರೋಗ ಮೊದಲೇ ಶ್ವಾಸಕೋಶ ಸೇರಿರುತ್ತದೆ.