ಕರಾವಳಿಯ ಅಂಗಳದಲ್ಲಿ ಡೇ ಲಿಲಿ

ಗಿಡ ಕೊಳ್ಳುವಾಗ ಬಣ್ಣಕ್ಕೆ ಮರುಳಾಗಬೇಡಿ. ವರ್ಷವಿಡೀ ಹಸಿರಾಗಿರುವ ತಳಿಯೇ ಎಂದು ಮೊದಲು ಕೇಳಿ. ಚಳಿಗೆ ಎಲೆ ಉದುರಿಸಿ ಮಲಗುವ ತಳಿಗಳಿಗೆ ಬೇಕಾದಷ್ಟು ಚಳಿ ಮಂಗಳೂರು, ಉಡುಪಿಯಲ್ಲಿ ಇಲ್ಲ. ಅವು ಸೊರಗುತ್ತವೆ.

ಇಲ್ಲಿ ಇದರ ದೊಡ್ಡ ಶತ್ರು ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆ. ಮುರಕಲ್ಲು ನೆಲದ ಗುಂಡಿಯಲ್ಲಿ ನೀರು ನಿಂತರೆ ಬುಡ ಕೊಳೆಯುತ್ತದೆ. ನಡುವಿನ ಎಲೆ ಎಳೆದು ನೋಡಿ: ಸಲೀಸಾಗಿ ಕೈಗೆ ಬಂದು ಗಬ್ಬು ನಾತ ಹೊಡೆದರೆ ಆ ಬುಡ ಮುಗಿದಂತೆ. ಅದಕ್ಕೇ 1 ಅಡಿ ಎತ್ತರದ ಏರಿ ಮಾಡಿ, 2 ಪಾಲು ಮಣ್ಣಿಗೆ 1 ಪಾಲು ಹಳೆಯ ಹಟ್ಟಿಗೊಬ್ಬರ, 1 ಪಾಲು ಹೊಳೆಯ ಹೊಯಿಗೆ (ಮರಳು) ಬೆರೆಸಿ. ಕಡಲ ಹೊಯಿಗೆ ಬೇಡವೇ ಬೇಡ. ಬೇರು ಮತ್ತು ಎಲೆ ಕೂಡುವ ಜಾಗ 1 ಇಂಚಿಗಿಂತ ಆಳಕ್ಕೆ ಹೋಗಬಾರದು. ಹೋದರೆ ಬರೀ ಎಲೆ, ಹೂವಿಲ್ಲ. ಗಿಡಗಳ ನಡುವೆ ಒಂದೂವರೆ ಅಡಿ ಬಿಡಿ. ನೆಡಲು ಅಕ್ಟೋಬರ್ ಸರಿಯಾದ ಹೊತ್ತು.

ದಿನಕ್ಕೆ 6 ತಾಸು ಬಿಸಿಲು ಬೇಕು, ಏಪ್ರಿಲ್‌ನಲ್ಲಿ ಮಾತ್ರ ಮಧ್ಯಾಹ್ನದ ನೆರಳು. ಒಂದು ಹೂವಿನ ಆಯುಸ್ಸು ಒಂದೇ ದಿನ. ಬಾಡಿದ್ದನ್ನು ತೊಟ್ಟುಸಹಿತ ಚಿವುಟಿ, ಬೀಜ ಕಟ್ಟಲು ಬಿಡಬೇಡಿ. 3–4 ವರ್ಷಕ್ಕೊಮ್ಮೆ ಬುಡ ಅಗೆದು, 2–3 ಚಿಗುರಿನ ಗುಂಪುಗಳಾಗಿ ಬಿಡಿಸಿ, ಎಲೆಯನ್ನು 6 ಇಂಚಿಗೆ ಕತ್ತರಿಸಿ ಮತ್ತೆ ನೆಡಿ.

ಮನೆಯಲ್ಲಿ ಬೆಕ್ಕಿದ್ದರೆ ಈ ಗಿಡದ ಆಸೆ ಬಿಡಿ. ಎಲೆ, ಹೂವು, ಪರಾಗ ಎಲ್ಲವೂ ಅದರ ಮೂತ್ರಪಿಂಡಕ್ಕೆ ವಿಷ.